ಬಣ್ಣದ ಕೊಕ್ಕರೆ ಹಾಡು ಕಳೆದುಕೊಂಡಿದ್ದು

ಕಂದಾ, ನಮ್ಮೂರ ಮೃಗಾಲಯ ಹೊಚ್ಚ ಹೊಸದಾಗಿದ್ದ ಕಾಲವೊಂದಿತ್ತು. ಆಗ ಅಲ್ಲಿನ ಮರಗಳಿಗೆ ಇನ್ನೂ ನೆರಳು ಬಂದಿರಲಿಲ್ಲ. ಗಾಳಿಗೆ ಮಾತು ಬರುತ್ತಿತ್ತು. ಕೊಕ್ಕರೆಗೆ ಹಾಡು ಬರುತ್ತಿತ್ತು.

ಪಕ್ಕದ ಕೆರೆಯಲ್ಲಿ ಬಣ್ಣದ ಕೊಕ್ಕರೆಯೊಂದು ಇತ್ತು. ಲೋಕದಲ್ಲಿ ಆಗ ಬಣ್ಣದ ಕೊಕ್ಕರೆಗಳದ್ದು ಅದೊಂದೇ ಸಂಸಾರ. ಅದು ಹಾಡಿದರೆ ಹುಲಿ ಕಣ್ಣು ಮುಚ್ಚುತ್ತಿತ್ತು. ಆನೆ ಕಿವಿ ಬೀಸುವುದನ್ನೇ ಮರೆಯುತ್ತಿತ್ತು.

ಒಂದು ದಿನ ಆ ಮೃಗಾಲಯಕ್ಕೆ ಜಿರಾಫೆ ಮರಿಯೊಂದು ಬಂತು. ಹಡಗಿನಲ್ಲಿ ಬಂತು, ರೈಲಿನಲ್ಲಿ ಬಂತು, ಕೊನೆಗೆ ಎತ್ತಿನ ಗಾಡಿಯಲ್ಲಿ ಬಂತು. ಬಂದದ್ದೇ, ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಿತು.

ಪ್ರಾಣಿಗಳನ್ನು ನೋಡಿಕೊಳ್ಳುವ ಸಿಂಗ್ರಯ್ಯ ಜಾಲಿ ಸೊಪ್ಪು ತಂದ. ಮರಿ ಮೂಸಲಿಲ್ಲ. ಅವನ ಹೆಂಡತಿ ಹೊನ್ನಾಜಮ್ಮ ಬೆಲ್ಲ ತಂದಳು. ಮರಿ ನೋಡಲಿಲ್ಲ.

"ಹಿಂಗೇ ಆದ್ರೆ ಇದು ಉಳಿಯಕಿಲ್ಲ ಕಣಮ್ಮಿ," ಅಂದ ಸಿಂಗ್ರಯ್ಯ.

"ಹಂಗನ್ಬೇಡಿ. ತಾಯಿ ಬುಟ್ಟು ಬಂದದೆ ಕೂಸು," ಎಂದು ಹೊನ್ನಾಜಮ್ಮ ಅದರ ಬೆನ್ನು ಸವರಿದಳು. ಕೈಗೆ ಮೂಳೆಗಳೇ ಸಿಕ್ಕವು.

ಆಗ ಗಾಳಿ ಮೆಲ್ಲಗೆ ಬಂದು ಕೇಳಿತು: "ಮರೀ, ನಿನಗೆ ಏನು ಬೇಕು?"

"ನಮ್ಮೂರಲ್ಲಿ ಸಂಜೆ ಹುಲ್ಲು ಹಾಡುತ್ತೆ," ಅಂದಿತು ಮರಿ. "ಅದನ್ನು ಕೇಳ್ತಾ ಕೇಳ್ತಾ ಅಮ್ಮನ ಜೊತೆ ತಿಂತಿದ್ದೆ. ಇಲ್ಲಿ ಹುಲ್ಲು ಸುಮ್ಮನಿದೆ."

ಗಾಳಿ ನಿಟ್ಟುಸಿರು ಬಿಟ್ಟಿತು. "ಅದನ್ನು ನಾನು ತರಲಾರೆ. ನನ್ನ ಕೈಗೆ ಕೊಟ್ಟದ್ದೆಲ್ಲ ದಾರಿಯಲ್ಲೇ ಚೆಲ್ಲಿಹೋಗುತ್ತೆ."

ಮೇಲೆ ಹಾರುತ್ತಿದ್ದ ಬಣ್ಣದ ಕೊಕ್ಕರೆ ಇದನ್ನು ಕೇಳಿಸಿಕೊಂಡಿತು. "ನಾನು ಹೋಗ್ತೀನಿ. ಗಂಟಲಲ್ಲಿ ಇಟ್ಕೊಂಡು ತರ್ತೀನಿ," ಅಂದಿತು.

"ಗಂಟಲಲ್ಲಿ ಒಂದೇ ಹಾಡಿಗೆ ಜಾಗ," ಅಂದಿತು ಗಾಳಿ. "ಅದನ್ನು ತುಂಬಿಕೊಳ್ಳಬೇಕಾದರೆ ನಿನ್ನದನ್ನು ಕಡಲ ದಡದಲ್ಲಿ ಇಟ್ಟು ಹೋಗಬೇಕು. ಬರುವಾಗ ಅದು ಅಲ್ಲೇ ಇರುತ್ತೋ ಇಲ್ಲವೋ, ನಾನು ಹೇಳಲಾರೆ."

ಕೊಕ್ಕರೆ ಕೆಳಕ್ಕೆ ಇಳಿಯಿತು. ಮರಿಯ ಬೆನ್ನು ನೋಡಿತು. ಹಾರಿತು.

ಕಡಲ ದಡದಲ್ಲಿ ಒಂದು ಬಂಡೆಯ ಮೇಲೆ ಕೂತು, ತನಗಾಗಿ ಒಮ್ಮೆ ಹಾಡಿಕೊಂಡಿತು. ಹಾಡನ್ನು ಅಲ್ಲೇ ಇಟ್ಟಿತು. ನೀಲಿ ಮೇಲೆ ನೀಲಿ, ನೀಲಿ ಮೇಲೆ ನೀಲಿ ದಾಟಿ, ಹುಲ್ಲು ಹಾಡುವ ನಾಡಿಗೆ ಹೋಯಿತು. ಆ ಸಂಜೆಯ ಸದ್ದನ್ನೆಲ್ಲ ಗಂಟಲು ತುಂಬ ತುಂಬಿಕೊಂಡು, ಕೊಕ್ಕು ಬಿಗಿಯಾಗಿ ಮುಚ್ಚಿ ಹಿಂತಿರುಗಿತು.

ದಡಕ್ಕೆ ಬಂದಾಗ ಬಂಡೆ ಒದ್ದೆಯಾಗಿತ್ತು. ಅದರ ಮೇಲೆ ಏನೂ ಇರಲಿಲ್ಲ. "ನನ್ನ ಹಾಡು ಎಲ್ಲಿ?" ಎಂದು ಅಲೆಯನ್ನು ಕೇಳೋಣವೆಂದರೆ ಕೊಕ್ಕು ತೆರೆಯುವಂತಿಲ್ಲ. ತೆರೆದರೆ ತಂದದ್ದು ಚೆಲ್ಲಿಹೋಗುತ್ತದೆ. ಕೊಕ್ಕರೆ ಆ ಬಂಡೆಯ ಸುತ್ತ ಒಂದು ಸುತ್ತು ಹಾರಿ, ಮೃಗಾಲಯದ ದಾರಿ ಹಿಡಿಯಿತು.

ಮರಿ ಅಷ್ಟರಲ್ಲಿ ಮಲಗಿಬಿಟ್ಟಿತ್ತು. ಹೊನ್ನಾಜಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೊಕ್ಕರೆ ಇಳಿದು ಬಂದು, ಮರಿಯ ಕಿವಿಗೆ ಕೊಕ್ಕಿಟ್ಟು, ತಂದದ್ದನ್ನೆಲ್ಲ ಸುರಿಯಿತು.

ಸರ್... ಸರ್... ಸರ್...

ಮರಿಯ ಕಿವಿ ಅಲುಗಿತು. ಕಣ್ಣು ತೆರೆಯಿತು. ನಡುಗುತ್ತ ಎದ್ದು, ಉದ್ದನೆಯ ನಾಲಿಗೆ ಚಾಚಿ, ಸೊಪ್ಪಿನ ಒಂದು ಎಲೆ ಕಿತ್ತುಕೊಂಡಿತು. ಆಮೇಲೆ ಇನ್ನೊಂದು.

"ತಿಂತು! ರೀ, ಬನ್ನಿ ಇಲ್ಲಿ, ತಿಂತು!" ಎಂದು ಹೊನ್ನಾಜಮ್ಮ ಕೂಗಿಕೊಂಡಳು.

ಕೊಕ್ಕರೆಗೂ ಖುಷಿಯಿಂದ ಹಾಡಬೇಕೆನಿಸಿತು. ಕೊಕ್ಕು ತೆರೆಯಿತು. ದನಿಯೇ ಬರಲಿಲ್ಲ. ಮತ್ತೆ ತೆರೆಯಿತು, ಮುಚ್ಚಿತು. ಟಕ್ ಟಕ್ ಟಕ್ ಎಂದು ಕೊಕ್ಕಿಗೆ ಕೊಕ್ಕು ಬಡಿಯಿತು, ಅಷ್ಟೇ.

"ನನ್ನಿಂದ ನಿನ್ನ ಹಾಡು ಹೋಯ್ತಾ?" ಎಂದು ಮರಿ ಅಳುಮುಖ ಮಾಡಿತು.

ಕೊಕ್ಕರೆ ಅದರ ಹಣೆಗೆ ಹಣೆ ತಾಗಿಸಿ, ಮತ್ತೆ ಕೊಕ್ಕು ಬಡಿಯಿತು. ಟಕ್ ಟಕ್ ಟಕ್. ಅಮ್ಮ ಪಕ್ಕದಲ್ಲಿ ಮೆಲ್ಲುತ್ತಿರುವ ಹಾಗೇ ಇತ್ತು ಆ ಸದ್ದು. ಮರಿ ಅದನ್ನು ಕೇಳುತ್ತ ಸೊಪ್ಪೆಲ್ಲ ಖಾಲಿ ಮಾಡಿತು.

ಕೊಕ್ಕರೆ ಆಮೇಲೆ ಕೆರೆಗೆ ಹಿಂದಿರುಗಲಿಲ್ಲ. ಮರಗಳು ಬೆಳೆದ ಮೇಲೆ ಅಲ್ಲೇ ಗೂಡು ಕಟ್ಟಿತು. ತಾಯಿಗೆ ಇಲ್ಲದ ಹಾಡು ಮರಿಗಳಿಗೆ ಎಲ್ಲಿಂದ ಬರಬೇಕು? ಅವೂ ಕೊಕ್ಕು ಬಡಿಯುವುದನ್ನೇ ಕಲಿತವು, ಅವುಗಳ ಮರಿಗಳೂ ಅದನ್ನೇ ಕಲಿತವು.

ಅದಕ್ಕೇ ಕಂದಾ, ಯಾರೂ ಹಿಡಿದು ತರದಿದ್ದರೂ ಬಣ್ಣದ ಕೊಕ್ಕರೆಗಳು ವರ್ಷವರ್ಷವೂ ಮೃಗಾಲಯದ ಮರಗಳ ತುದಿಗೆ ತಾವಾಗಿಯೇ ಬಂದು ಕೂರುತ್ತವೆ. ಹಾಡುವುದಿಲ್ಲ, ಟಕ್ ಟಕ್ ಎನ್ನುತ್ತವೆ, ಕೆಳಗೆ ಜಿರಾಫೆ ಮೆಲ್ಲಗೆ ಎಲೆ ತಿನ್ನುತ್ತಿರುತ್ತದೆ.