ಮುಕ್ತಿಭಾಗ್ಯದ ಎರಡು ಗಾಡಿ ಸೌದೆ

"ಸಾಯುವುದು ಇಷ್ಟು ಸುಲಭ ಅಂತ ಗೊತ್ತಿದ್ದಿದ್ದರೆ ನಮ್ಮ ತಾತ ತೊಂಬತ್ತು ವರ್ಷ ಕಾಯುತ್ತಲೇ ಇರಲಿಲ್ಲ, ಮಹಾಪ್ರಭು!"

ಹೀಗೆಂದು ದಿವಾನ ಪರ್ವತಯ್ಯ ಕೆಂಚನಗಡದ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. ತಿರುವದೆ ಏನು ಮಾಡಿಯಾನು? ಮುಕ್ತಿಭಾಗ್ಯ ಕಚೇರಿ ಅವನ ಸ್ವಂತ ತಲೆಯ ಕೂಸು. ಬದುಕಿರುವಾಗ ತಿಂಗಳಿಗೊಂದು ಕಾಸು ಕಟ್ಟಬೇಕು. ಸತ್ತಾಗ ಕೊನೆಯ ಖರ್ಚೆಲ್ಲ ಕಚೇರಿಯದು. ಊರಿಗೆ ಊರೇ ಹೆಬ್ಬೆಟ್ಟು ಒತ್ತಿತ್ತು.

"ಮೂರು ವರ್ಷವಾಯಿತು. ಸತ್ತ ಚಂದಾದಾರ ಒಬ್ಬನಾದರೂ ಬಂದು ದೂರು ಹೇಳಿದ್ದುಂಟೆ?"

"ಎಲ್ಲಾದರೂ ಉಂಟೆ ಬುದ್ಧಿ?" ಎಂದಳು ಎಲೆಯಡಿಕೆ ತಟ್ಟೆ ಹಿಡಿದು ನಿಂತಿದ್ದ ನಿಂಬವ್ವ. "ಅಷ್ಟು ದೂರದಿಂದ ಯಾರು ಬರ್ತಾರೆ?"

ರಾಜ ತುಟಿ ಕಚ್ಚಿ ನಗು ತಡೆದ. ನಿಂಬವ್ವನ ನಾಲಿಗೆ ಅವನಿಗೆ ಹೊಸದಲ್ಲ. ಹನ್ನೆರಡು ವರ್ಷ ಗುಮಾಸ್ತರ ಬೆನ್ನ ಹಿಂದೆ ತಟ್ಟೆ ಹಿಡಿದು ನಿಂತೇ ಅಕ್ಷರ ಕಲಿತವಳು. ಕಲಿಸಿದ ಗುರು ಯಾರೂ ಇಲ್ಲ. ಹಾಗಾಗಿ ಯಾರಿಗೂ ತಲೆಬಾಗಿಸುವ ಅಭ್ಯಾಸವೂ ಇಲ್ಲ.

ಅಷ್ಟರಲ್ಲಿ ಕುಂಬಾರರ ಚೌಡವ್ವ ಬಂದು ಕೈಮುಗಿದು ನಿಂತಳು.

"ನನ್ನ ಗಂಡ ಹೋಗಿ ಐದು ದಿನವಾಯ್ತು ಪ್ರಭು. ನೆರೆಯವರೇ ಗುಂಡಿ ತೋಡಿ ಮಣ್ಣು ಮಾಡಿದರು. ಹನ್ನೊಂದನೇ ದಿನ ಕುಲದವರಿಗೆ ಅನ್ನ ಹಾಕದಿದ್ದರೆ ಅವನನ್ನು ಹಿರಿಯರ ಸಾಲಿಗೆ ಸೇರಿಸೋದಿಲ್ಲ ಅಂತಾರೆ. ಒಂದು ತಿಂಗಳೂ ತಪ್ಪದೆ ಕಟ್ಟಿದ್ದೀವಿ. ಕಚೇರಿಯವರು ಬರಿಗೈಲಿ ಅಟ್ಟಿದರು."

"ಅಟ್ಟದೆ?" ಎಂದ ದಿವಾನ. "ನಮ್ಮದು ಸುಡುವವರ ಯೋಜನೆ. ನಿಮ್ಮಲ್ಲಿ ಹೂಳುತ್ತಾರೆ. ಮಣ್ಣೇನು ನಾವು ಕೊಡಬೇಕೆ? ಅದು ಪುಕ್ಕಟೆ ಸಿಗುತ್ತೆ!"

"ನಿಮ್ಮ ಗುಮಾಸ್ತ ಎಲ್ಲಾ ಖರ್ಚು ಅಂದಿದ್ದನಲ್ಲ ಬುದ್ಧಿ?" ಎಂದಳು ಚೌಡವ್ವ.

"ಗುಮಾಸ್ತ ಆಡಿದ್ದು ಗಾಳಿ. ಪತ್ರದಲ್ಲಿ ಬರೆದದ್ದು ಕಲ್ಲು. ಓದಿ ನೋಡಿ ಹೆಬ್ಬೆಟ್ಟು ಒತ್ತಬೇಕಿತ್ತು."

ಓದಲು ಬರುವವರು ಹೆಬ್ಬೆಟ್ಟು ಯಾಕೆ ಒತ್ತುತ್ತಾರೆ ಎಂದು ನಿಂಬವ್ವ ಕೇಳಲಿಲ್ಲ. ತಟ್ಟೆಯನ್ನು ಕೆಳಗಿಟ್ಟು ಚೌಡವ್ವನ ಸೆರಗಿನ ಗಂಟಿನಿಂದ ಪತ್ರ ಬಿಡಿಸಿಕೊಂಡು ಎರಡು ಸಲ ಓದಿದಳು. ಆಮೇಲೆ ಬಲು ವಿನಯದಿಂದ ಹೇಳಿದಳು:

"ದಿವಾನರ ಮಾತು ಸರಿ ಪ್ರಭು. ಬರೆದಂತೆಯೇ ನಡೆಯಬೇಕು."

"ನಡೆಯಲಿ," ಎಂದ ರಾಜ. "ಏನು ಬರೆದಿದೆ?"

"'ಚಂದಾದಾರನು ಕಾಲವಾದಲ್ಲಿ ಕಚೇರಿಯು ಎರಡು ಗಾಡಿ ಸೌದೆ ಕೊಡತಕ್ಕದ್ದು. ಸದರಿ ಸೌದೆಯ ಮೇಲೆ ಏರಿಸುವುದೆಲ್ಲದರ ವೆಚ್ಚವೂ ಕಚೇರಿಯದೇ.'"

"ನೋಡಿ, ಎಂಥ ಉದಾರ ಬರವಣಿಗೆ!" ದಿವಾನ ಉಬ್ಬಿದ. "ತುಪ್ಪ, ಗಂಧದ ಚೆಕ್ಕೆ, ಹೊದಿಸುವ ಪಟ್ಟೆ, ಎಲ್ಲ ಬಂತು."

"ಹಾಗಾದರೆ ಚೌಡವ್ವನ ಸೌದೆ ಅವಳಿಗೆ ಕೊಡಿಸಿ ಬುದ್ಧಿ."

"ಧಾರಾಳವಾಗಿ ಒಯ್ಯಲಿ! ಹೂತ ಗಂಡನನ್ನು ಅಗೆದು ತಂದು ಸುಡುತ್ತಾಳೇನೋ!"

ಸಭೆ ಗೊಳ್ಳೆಂದಿತು. ಚೌಡವ್ವ ತಲೆ ತಗ್ಗಿಸಿದಳು. ನಿಂಬವ್ವ ಅವಳ ಕಿವಿಯಲ್ಲಿ ಕೇಳಿದಳು: "ಮನೆಯಲ್ಲಿ ದೊಡ್ಡ ಮಡಕೆಗಳು ಎಷ್ಟಿವೆ ತಂಗಿ?"

"ನಮ್ಮದು ಕುಂಬಾರರ ಮನೆ ಅಕ್ಕ. ಅದೊಂದಕ್ಕೆ ಬರವಿಲ್ಲ."

ಹನ್ನೊಂದನೇ ದಿನ ಬೆಳಗ್ಗೆ ಚೌಡವ್ವನ ಕೇರಿಯಿಂದ ಆಸ್ಥಾನಕ್ಕೆ ಹೇಳಿಕಳಿಸಿದರು: 'ಸೌದೆಯ ಮೇಲೆ ಏರಿಸಿಯಾಯಿತು. ದಿವಾನರು ಬಂದು ಖರ್ಚು ನೋಡಿಕೊಳ್ಳಬೇಕು.' ದಿವಾನ ಗಡಬಡಿಸಿ ಎದ್ದ. ಹೆಂಗಸು ನಿಜಕ್ಕೂ ಅಗೆದಳೇ? ರಾಜನೂ ಕುತೂಹಲ ತಾಳದೆ ಜೊತೆಗೇ ಹೊರಟ.

ಕುಂಬಾರಗೇರಿಯಲ್ಲಿ ಒಂಬತ್ತು ಒಲೆ ಹೂಡಿದ್ದರು. ಒಂಬತ್ತರಲ್ಲೂ ಕಚೇರಿಯ ಸೌದೆ. ಮೇಲೆ ಒಂಬತ್ತು ಮಡಕೆ. ಒಂದೊಂದರಲ್ಲೂ ಒಬ್ಬ ಗುಮಾಸ್ತ ಆರಾಮವಾಗಿ ಕೂರಬಹುದು. ಸುತ್ತ ಕುಲದವರೆಲ್ಲ ಬಾಳೆಲೆ ಹಿಡಿದು ಕೂತಿದ್ದರು.

"ಬನ್ನಿ ಬುದ್ಧಿ," ಎಂದಳು ನಿಂಬವ್ವ. "ನೀರು ನಮ್ಮದು, ಕಾದಿದೆ. ಅಕ್ಕಿ, ಬೇಳೆ, ಬೆಲ್ಲ, ತುಪ್ಪ ಎಲ್ಲ ನಿಮ್ಮದು. ಬೇಗ ತರಿಸಿ."

"ಏನೇ ಇದು ಅನ್ಯಾಯ!" ದಿವಾನ ಕಿರುಚಿದ. "ಸೌದೆಯ ಮೇಲೆ ಏರಿಸೋದು ಅಂದರೆ ಹೆಣ ಕಣೇ, ಹೆಣ!"

"ಅಯ್ಯೋ, ಆ ಅಕ್ಷರ ನನಗೆ ಕಾಣಲೇ ಇಲ್ಲ. ಅರೆಗಲಿತವಳು ನಾನು. ಎಲ್ಲಿದೆ, ಸ್ವಲ್ಪ ತೋರಿಸಿಕೊಡಿ."

ರಾಜ ಪತ್ರ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದ. ಹೆಣವಿಲ್ಲ, ಚಿತೆಯಿಲ್ಲ, ಸುಡುವ ಸುದ್ದಿಯೇ ಇಲ್ಲ.

"ಯಾಕ್ರೀ ದಿವಾನರೇ, ಹೆಣ ಅಂತ ಬರೆಯಲಿಲ್ಲ?"

"ಅಪಶಕುನ, ಪ್ರಭು," ದಿವಾನ ಬೆವರು ಒರೆಸಿಕೊಂಡ. "ಗುಮಾಸ್ತ ಓದಿ ಹೇಳುವಾಗ ಹೆಣ ಅನ್ನೋ ಮಾತು ಕಿವಿಗೆ ಬಿದ್ದರೆ ಒಬ್ಬರೂ ಹೆಬ್ಬೆಟ್ಟು ಒತ್ತೋದಿಲ್ಲ."

"ಬರೆದದ್ದು ಕಲ್ಲು ಅಂದವರು ನೀವೇ," ಎಂದ ರಾಜ. "ತರಿಸಿ ಅಕ್ಕಿ!"

ಅಕ್ಕಿ ಬಂತು. ಬೆಲ್ಲ ಬಂತು. ತುಪ್ಪ ಗಡಿಗೆಗಟ್ಟಲೆ ಬಂತು. ರಾಜ ನೆಲದ ಮೇಲೆ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡ. ಕುಲದ ಹಿರಿಯ ಕೈತೊಳೆದು ಎದ್ದು, ಎಲ್ಲರೆದುರು ಚೌಡವ್ವನ ಗಂಡನ ಹೆಸರನ್ನು ಹಿರಿಯರ ಸಾಲಿನಲ್ಲಿ ಕೂಗಿದ. ಚೌಡವ್ವ ಅಂದು ಮೊದಲ ಸಲ ನೆಮ್ಮದಿಯಾಗಿ ಅತ್ತಳು.

ರಾಜ ತನ್ನ ಕೈಕಡಗ ಬಿಚ್ಚಿ ನಿಂಬವ್ವನಿಗೆ ಕೊಟ್ಟ. "ಇನ್ನು ಮುಂದೆ ಮುಕ್ತಿಭಾಗ್ಯದ ಪ್ರತಿ ಪತ್ರದಲ್ಲೂ ಹೂಳುವವರಿಗೆ ಏನು, ಸುಡುವವರಿಗೆ ಏನು ಅಂತ ಬಿಡಿಸಿ ಬರೆಯಬೇಕು. ಇವಳು ಓದಿ ಹೇಳಿದ ಮೇಲೆಯೇ ಮುದ್ರೆ."

ದಿವಾನ ಹಲ್ಲು ಕಡಿದ. "ಇರಲಿ ಇರಲಿ. ನೀನೇನು ಚಿರಂಜೀವಿಯಲ್ಲವಲ್ಲ ನಿಂಬವ್ವ. ಒಂದಲ್ಲ ಒಂದು ದಿನ ನೀನೂ ನಮ್ಮ ಕಚೇರಿಗೆ ಬರಲೇಬೇಕು."

"ಖಂಡಿತ ಬರ್ತೀನಿ ಬುದ್ಧಿ," ಎಂದಳು ನಿಂಬವ್ವ, ಕಡಗವನ್ನು ತೋಳಿಗೇರಿಸುತ್ತ. "ಆದರೆ ಪತ್ರ ನಾನು ಬರೀತೀನಿ. ಹೆಬ್ಬೆಟ್ಟು ನೀವು ಒತ್ತಿ."