ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

"ಅಜ್ಜಾರ, ಹೊಸದಾಗಿ ಆಟಕ್ಕ ಇಳಿಯಾಂವ ತನ್ನ ಪಾತ್ರ ಹೆಂಗ ಕಟ್ಟಬೇಕ್ರಿ?"

ಗುರುಗಳನ್ನು ಹೀಗೆ ಕೇಳಿದವನು ಮಹಾರುದ್ರ, ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ಮಠದ ಶಿಷ್ಯ. ಬಿಸಿಲಲ್ಲಿ ಎರಡು ಮೈಲಿ ಸೈಕಲ್ ತುಳಿದು ಬಂದಿದ್ದ. ಮಠದ ಅಡುಗೆ ನೋಡಿಕೊಳ್ಳುವ ಅಡಿವೆಪ್ಪ ಅವನನ್ನು ಕಂಡವನೇ ಮಜ್ಜಿಗೆಯ ಚರಿಗೆ ತಂದು ಮುಂದಿಟ್ಟಿದ್ದ. ಮಹಾರುದ್ರ ಮನೆಯಲ್ಲೇ ಕುಡಿದು ಬಂದೆನೆಂದು ಹೇಳಿ ಅದನ್ನು ಪಕ್ಕಕ್ಕೆ ಸರಿಸಿದ. ಕುಡಿದೇನೂ ಬಂದಿರಲಿಲ್ಲ. ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳದಿರುವುದು ಅವನ ಅಭ್ಯಾಸ, ಅಷ್ಟೇ. ಅಡಿವೆಪ್ಪ ಚರಿಗೆಯ ಮೇಲೆ ತಟ್ಟೆ ಮುಚ್ಚಿ ಒಳಗೆ ಹೋದ.

ಆಟವೆಂದರೆ ಫೋನಿನಲ್ಲಿ ಆಡುವ ಆಟ. ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಲೋಕದೊಳಗೆ ಇಳಿಯುತ್ತಾರೆ. ಇಳಿಯುವ ಮೊದಲು ಪ್ರತಿಯೊಬ್ಬನೂ ತನಗೊಂದು ಪಾತ್ರ ಕಟ್ಟಿಕೊಳ್ಳಬೇಕು. ಹೆಸರು, ಮುಖ, ಕಸುಬು, ಉಡುಪು, ಹಿಂದಿನ ಕತೆ. ಬಲ, ಚುರುಕು, ಬುದ್ಧಿ, ಮಾತು ಇವುಗಳಿಗೆ ಹಂಚಲು ನಲವತ್ತು ಅಂಕ. ಕೊನೆಯಲ್ಲಿ 'ಕೊರತೆ' ಎಂಬ ಒಂದು ಅಂಕಣ. ಅದನ್ನು ತುಂಬಲೇಬೇಕೆಂಬ ಕಟ್ಟಳೆಯಿಲ್ಲ.

ಅಡಿವೆಪ್ಪ ಆ ಆಟದಲ್ಲಿ ಎರಡು ವರ್ಷದಿಂದ ಇದ್ದ. ಅವನೂ ಇನ್ನಿಬ್ಬರೂ ಅಲ್ಲಿನ ಒಂದು ಸೇತುವೆಯ ಬಳಿ ಮಹಾರುದ್ರನಿಗಾಗಿ ಕಾಯುತ್ತಿದ್ದರು. ನಾಲ್ವರಾದರೆ ಮಾತ್ರ ಸೇತುವೆ ದಾಟಬಹುದು. ಅಮಾವಾಸ್ಯೆಯೊಳಗೆ ಬರದಿದ್ದರೆ ಬೇರೊಬ್ಬನನ್ನು ಕರೆದುಕೊಳ್ಳುತ್ತೇವೆ ಎಂದಿದ್ದರು. ಮಹಾರುದ್ರ ಹದಿನೇಳು ದಿನದಿಂದ ಪಾತ್ರ ಕಟ್ಟುತ್ತಲೇ ಇದ್ದ. ಬಾಜೂಕ ಕೂತು ತೋರಿಸುತ್ತೇನೆ ಎಂದು ಅಡಿವೆಪ್ಪ ಎರಡು ಸಲ ಹೇಳಿದ್ದ. ಅದನ್ನೂ ಮಹಾರುದ್ರ ಬೇಡವೆಂದಿದ್ದ. ಅವನ ನೋಟ್‌ಬುಕ್ಕಿನ ಹನ್ನೊಂದು ಹಾಳೆ ಬರೀ ಲೆಕ್ಕದಿಂದ ತುಂಬಿತ್ತು. ಕೊರತೆಯ ಅಂಕಣಕ್ಕೆ ಅಡ್ಡಗೆರೆ ಎಳೆದಿದ್ದ.

ಗುರುಗಳು ಆಟ ಆಡುವವರಲ್ಲ. ಆದರೆ ಮಠಕ್ಕೆ ಬರುವ ಹತ್ತು ಜನರಲ್ಲಿ ಆರು ಜನ ಆಡುವವರೇ. ಅವರ ಮಾತು ಕೇಳಿ ಕೇಳಿ, ಬೇಡವೆಂದರೂ ಎಲ್ಲ ಗೊತ್ತಾಗಿತ್ತು. ನೋಟ್‌ಬುಕ್ಕನ್ನು ಒಮ್ಮೆ ತಿರುವಿ ಹಾಕಿ ಕೆಳಗಿಟ್ಟರು. ಆಮೇಲೆ ಒಂದು ಕತೆ ಹೇಳಿದರು.

ಒಂದೂರಲ್ಲಿ ಅಣ್ಣ ತಮ್ಮ ಇಬ್ಬರು ದರ್ಜಿಗಳಿದ್ದರು. ಒಂದೇ ಅಂಗಡಿ. ಅಣ್ಣ ಬಟ್ಟೆ ಕತ್ತರಿಸುತ್ತಿದ್ದ, ತಮ್ಮ ಹೊಲಿಯುತ್ತಿದ್ದ. ಅಣ್ಣ ಏನೇ ಕತ್ತರಿಸಿದರೂ ಬದಿಯ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದ. ಮೈ ಬೆಳೆಯುತ್ತದೆ, ಇಳಿಯುತ್ತದೆ. ಬಿಚ್ಚಿ ಸಡಿಲಿಸಲು ಒಳಗೆ ಬಟ್ಟೆಯಿರಬೇಕು ಎಂಬುದು ಅವನ ಪಾಠ. ತಮ್ಮನಿಗೆ ಇದು ಹಿಡಿಸುತ್ತಿರಲಿಲ್ಲ. ತನ್ನ ಟೇಪಿನ ಮೇಲೆ ತನಗೇ ನಂಬಿಕೆಯಿಲ್ಲದವನು ಹಾಗೆ ಬಟ್ಟೆ ಬಿಡುತ್ತಾನೆ ಎಂದುಕೊಳ್ಳುತ್ತಿದ್ದ. ಅವನ ಹೊಲಿಗೆಯೋ ಬಹಳ ಸಣ್ಣದು, ನೇರವಾದದ್ದು. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಒಂದು ಮದುವೆ ಕಾಲದಲ್ಲಿ ಅಣ್ಣ ಜ್ವರ ಹಿಡಿದು ಮಲಗಿದ. ಒಬ್ಬ ಮದುಮಗನ ಕೋಟನ್ನು ತಮ್ಮನೇ ಅಳೆದ, ತಮ್ಮನೇ ಕತ್ತರಿಸಿದ, ತಮ್ಮನೇ ಹೊಲಿದ. ಒಳಗೆ ಒಂದು ಬೆರಳೂ ಬಿಡಲಿಲ್ಲ. ಕೋಟು ಮದುಮಗನ ಮೈಗೆ ಅಂಟಿದಂತೆ ಕೂತಿತು. ನೋಡಿದವರೆಲ್ಲ ಭೇಷ್ ಎಂದರು. ಆದರೆ ಮದುವೆಗೆ ಇನ್ನೂ ಇಪ್ಪತ್ತು ದಿನವಿತ್ತು. ಆ ಕಡೆ ಮದುಮಗನನ್ನು ಬಂಧುಗಳು ಮನೆಮನೆಗೆ ಕರೆದು ಉಣಿಸುವ ರೂಢಿ. ಒಬ್ಬರ ಮನೆಯಲ್ಲಿ ಹೋಳಿಗೆ, ಇನ್ನೊಬ್ಬರ ಮನೆಯಲ್ಲಿ ಮಾದಲಿ. ಯಾರ ಮನೆಯಲ್ಲೂ ಸಾಕು ಎನ್ನುವ ಹಾಗಿಲ್ಲ. ಮದುವೆಯ ಹಿಂದಿನ ದಿನ ಕೋಟಿನ ಗುಂಡಿ ಕಾಜಕ್ಕೆ ಮುಟ್ಟಲಿಲ್ಲ.

ಕೋಟು ಅಂಗಡಿಗೆ ವಾಪಸು ಬಂತು. ಅಷ್ಟರಲ್ಲಿ ಅಣ್ಣ ಎದ್ದು ಓಡಾಡುತ್ತಿದ್ದ. ಹೊಲಿಗೆ ಬಿಚ್ಚಿ ನೋಡಿದ. ಒಳಗೆ ಏನೂ ಇರಲಿಲ್ಲ. ಗಿರಾಕಿಗಳೆಲ್ಲ ನಿಂತಿದ್ದರು. ಅವರ ಮುಂದೆಯೇ, "ತಮ್ಮಾ, ಒಳಗ ಬಟ್ಟಿ ಬಿಡಲಾರದಾಂವ ದರ್ಜಿ ಅಲ್ಲ" ಎಂದ.

ಮಾತು ನಿಜ, ಆಡಿದ ಜಾಗ ಸರಿಯಿರಲಿಲ್ಲ. ತಮ್ಮ ಆ ಸಂಜೆಯೇ ತನ್ನ ಮಿಷನ್ ಹೊತ್ತುಕೊಂಡು ಎದುರು ಸಾಲಿಗೆ ಹೋದ. ಅಲ್ಲಿ ಬೇರೆ ಅಂಗಡಿ ಹಾಕಿದ. ಆರು ವರ್ಷ ಇಬ್ಬರೂ ಎದುರುಬದುರು ಕೂತು ಹೊಲಿದರು, ಒಂದು ಮಾತೂ ಆಡಲಿಲ್ಲ.

ಏಳನೆಯ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ನಾಲಗೆ ಬಿದ್ದುಹೋಯಿತು. ಅಂಗಡಿ ಮುಚ್ಚಿದರು. ಕತ್ತರಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ತಮ್ಮ ಮೂರು ಸಲ ಅಣ್ಣನ ಮನೆಯವರೆಗೆ ಹೋದ. ಮೂರು ಸಲವೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟಿಕೊಂಡು ತಿರುಗಿ ಬಂದ. ಒಳಗೆ ಹೋಗಿ ಏನು ಹೇಳುವುದು? ಹೇಳಿದರೂ ಉತ್ತರ ಕೊಡಲು ಅಣ್ಣನಿಗೆ ಬಾಯಿಯಿಲ್ಲ. ಬಾಯಿಲ್ಲದವನ ಎದುರು ನಿಂತು ತಪ್ಪಾಯಿತು ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ.

ಒಂದು ದಿನ ಅತ್ತಿಗೆ ಸಿಕ್ಕಾಗ ಒಂದು ಸಂಗತಿ ಹೇಳಿದಳು. ಅಣ್ಣ ಈಗ ಮಧ್ಯಾಹ್ನವೆಲ್ಲ ಎಡಗೈಯಲ್ಲಿ ಫೋನು ಹಿಡಿದು ಒಂದು ಆಟದಲ್ಲಿ ಇರುತ್ತಾನೆ. ಅಲ್ಲಿ ಅಕ್ಷರ ಒತ್ತಿ ಮಾತಾಡುತ್ತಾನೆ. ಅಲ್ಲಿ ಅವನ ಹೆಸರು ಎಡಗೈಯವ. ಊರಬಾಗಿಲ ಮರದ ಕೆಳಗೆ ಕೂತು ಹೋಗಿಬರುವವರ ಹರಿದ ಬಟ್ಟೆ ಹೊಲಿದುಕೊಡುತ್ತಾನೆ. ಅದೇ ಅವನ ಪಾತ್ರ, ಅದೇ ಅವನ ಆಟ.

ತಮ್ಮ ಅಂದೇ ನಿಶ್ಚಯ ಮಾಡಿದ. ಮನೆಯ ಹೊಸ್ತಿಲು ದಾಟಲಾರದವನು ಆ ಊರಬಾಗಿಲು ದಾಟಬಹುದು. ಅಣ್ಣನ ಪಕ್ಕ ಕೂತು, ನಾಲ್ಕು ಮಾತಾಡಿ, ಅಣ್ಣಾ ತಪ್ಪಾಯಿತು ಎಂದು ಬರೆಯುವುದು. ಆ ವಾಕ್ಯವನ್ನು ಮೊದಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಉಳಿದದ್ದು ಪಾತ್ರ ಕಟ್ಟುವುದೊಂದೇ.

ಬರಿಗೈಯಲ್ಲಿ ಹೋಗಿ ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಅಣ್ಣ ನೋಡಿ ತಲೆದೂಗಬೇಕು, ಆಮೇಲೆ ತಾನು ಯಾರೆಂದು ಹೇಳಬೇಕು ಎಂದುಕೊಂಡ. ಹನ್ನೊಂದು ದಿನ ಕೂತು ಕಟ್ಟಿದ. ನಲವತ್ತು ಅಂಕವನ್ನೂ ಅಳೆದು ಸುರಿದ. ಅರ್ಧದಷ್ಟು ಅಂಕ ತಿನ್ನುವ, ಎಂದೂ ಹರಿಯದ ಒಂದು ಕವಚ ಆರಿಸಿದ. ಹಿಂದಿನ ಕತೆ ಎಂಬಲ್ಲಿ 'ನನಗೆ ಯಾರೂ ಇಲ್ಲ, ಯಾರೂ ಬೇಕಿಲ್ಲ' ಎಂದು ಬರೆದ. ಕೊರತೆಯ ಅಂಕಣಕ್ಕೆ ಅಡ್ಡಗೆರೆ ಎಳೆದ. ಪಾತ್ರ ಅಚ್ಚುಕಟ್ಟಾಗಿ ಕೂತಿತು.

ಇಲ್ಲಿ ಗುರುಗಳು ಸ್ವಲ್ಪ ನಿಲ್ಲಿಸಿದರು. ಮಹಾರುದ್ರ ತನ್ನ ನೋಟ್‌ಬುಕ್ಕನ್ನು ತೊಡೆಯ ಕಡೆಗೆ ಎಳೆದುಕೊಂಡ. ಗುರುಗಳು ಮುಂದುವರಿಸಿದರು.

ತಮ್ಮ ಆಟದೊಳಗೆ ಇಳಿದ. ಊರಬಾಗಿಲಿತ್ತು, ಮರವಿತ್ತು, ಕೆಳಗೆ ಎಡಗೈಯವ ಕೂತಿದ್ದ. ಅವನ ಮುಂದೆ ಐದಾರು ಜನರ ಸಾಲು. ತಮ್ಮ ಸಾಲಿನಲ್ಲಿ ನಿಂತ. ಅವನ ಸರದಿ ಬಂತು.

"ಏನ್ ಹರದೈತ್ರಿ?" ಎಂದು ಎಡಗೈಯವ ಕೇಳಿದ.

"ಏನೂ ಹರದಿಲ್ರಿ. ಇದು ಹರಿಯೂದ ಇಲ್ಲ."

"ಭಾರಿ ಚಲೋ ಆತು. ಹಂಗಾರ ಹಿಂದಿನವ್ರಿಗೆ ದಾರಿ ಬಿಡ್ರಿ."

ತಮ್ಮ ಪಕ್ಕಕ್ಕೆ ಸರಿದು ನಿಂತ. ಹಿಂದಿದ್ದವನು ಹರಿದ ತೋಳು ಹಿಡಿದು ಬಂದು ಕೂತ. ಆ ಆಟದಲ್ಲಿ ಒಂದು ತೋಳು ಹೊಲಿಯಲು ಕಾಲು ಗಂಟೆ ಬೇಕು. ಹೊಲಿಯುವಷ್ಟು ಹೊತ್ತು ಇಬ್ಬರೂ ಮಾತಾಡಿದರು. ಯಾವೂರು, ಊಟವಾಯಿತೇ, ಮಳೆ ಹೇಗಿದೆ. ಮನೆಯಲ್ಲಿ ವರ್ಷದಿಂದ ಒಂದು ಅಕ್ಷರ ಆಡದ ಅಣ್ಣ ಇಲ್ಲಿ ಬಾಯ್ತುಂಬ ಮಾತಾಡುತ್ತಿದ್ದ. ತೋಳು ಕೊಟ್ಟವನು ಹೊಲಿಗೆ ನೋಡಿ ಹೊಗಳಿದ. ಅದಕ್ಕೆ ಎಡಗೈಯವ, ತನ್ನದೇನು ಮಹಾ, ತನಗೊಬ್ಬ ತಮ್ಮನಿದ್ದಾನೆ, ಅವನ ಹೊಲಿಗೆ ಇದಕ್ಕಿಂತ ಸಣ್ಣದು ಎಂದ.

ಪಕ್ಕದಲ್ಲಿ ನಿಂತಿದ್ದ ತಮ್ಮ ಅದನ್ನು ಓದಿದ. ಅಂಗಡಿಯಲ್ಲಿ ಫೋನು ಹಿಡಿದು ಕೂತಿದ್ದವನ ಕಣ್ಣಲ್ಲಿ ನೀರು ಬಂತು. ಅವನ ಪಾತ್ರ ಮಾತ್ರ ಎದೆ ಸೆಟೆಸಿ ನಿಂತೇ ಇತ್ತು. ಅಳುವುದನ್ನು ಅದಕ್ಕೆ ಅವನು ಕಲಿಸಿರಲಿಲ್ಲ.

ತಮ್ಮ ಸಾಲು ಬಿಟ್ಟು ಬಂದೂ ಅಣ್ಣನನ್ನು ಮಾತಾಡಿಸಬಹುದಿತ್ತು. ಆದರೆ ಎಡಗೈಯವನ ಮುಂದೆ ಸಾಲು ಮುಗಿಯುವುದೇ ಇಲ್ಲ. ಹರಿದದ್ದಿಲ್ಲದವನಿಗೆ ಅಲ್ಲಿ ಕೂರಲು ಜಾಗವಿಲ್ಲ. ಕವಚವನ್ನಾದರೂ ಹರಿದುಕೊಂಡು ಬರೋಣವೆಂದು ತಮ್ಮ ಹೊರಟ. ಮುಳ್ಳುಪೊದೆಯಲ್ಲಿ ಹೊರಳಾಡಿದ. ತೋಳಗಳ ಬಾಯಿಗೆ ಬಿದ್ದ. ಬಂಡೆಯ ಮೇಲಿಂದ ಉರುಳಿದ. ತೋಳಗಳ ಹಲ್ಲು ಮುರಿದವು, ಕವಚಕ್ಕೆ ಗೀರೂ ಬೀಳಲಿಲ್ಲ. ನಾಲ್ಕು ದಿನ ಹೀಗೇ ಕಳೆಯಿತು. ತಾನು ಮಾಡಿದ ಕೆಲಸ ಇಷ್ಟು ಗಟ್ಟಿಯಾಗಿದೆಯೆಂದು ಯಾವ ದರ್ಜಿಯೂ ಅಷ್ಟು ಬೈದುಕೊಂಡಿರಲಿಕ್ಕಿಲ್ಲ.

ಕಟ್ಟಿದ ಪಾತ್ರವನ್ನು ಆ ಆಟದಲ್ಲಿ ತಿದ್ದಲು ಬರುವುದಿಲ್ಲ. ಬೇಡವೆಂದರೆ ಪೂರ್ತಿ ಅಳಿಸಬೇಕು. ಐದನೆಯ ದಿನ ತಮ್ಮ ಅದನ್ನು ಅಳಿಸಿದ. ಹನ್ನೊಂದು ದಿನದ ಕೆಲಸ ಒಂದು ಒತ್ತಿಗೆ ಹೋಯಿತು. ಅವನಿಗೆ ಬೇಜಾರಾಗಲಿಲ್ಲವೆಂದಲ್ಲ, ಆಯಿತು.

ಎರಡನೆಯ ಪಾತ್ರವನ್ನು ಚಹಾ ಆರುವಷ್ಟರಲ್ಲಿ ಕಟ್ಟಿದ. ಸಾಧಾರಣ ಮುಖ. ಅಂಕಗಳನ್ನು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಹಾಕಿ, ಹತ್ತನ್ನು ಹಾಗೇ ಉಳಿಸಿದ. ಕಸುಬು ಎಂಬಲ್ಲಿ 'ಇನ್ನೂ ಕಲಿಯುವವನು' ಎಂದು ಬರೆದ. ಉಡುಪು ಎಂಬಲ್ಲಿ ಕೈ ಸ್ವಲ್ಪ ತಡೆಯಿತು. ಆಮೇಲೆ, 'ಹತ್ತಿಯ ಅಂಗಿ. ಭುಜ ಹರಿದಿದೆ. ಬದಿಯ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಟ್ಟಿದೆ' ಎಂದು ಬರೆದ. ಕೊರತೆಯ ಅಂಕಣದಲ್ಲಿ, 'ಹೊಸ್ತಿಲು ದಾಟಲು ಬರುವುದಿಲ್ಲ' ಎಂದು ತುಂಬಿದ.

ಮತ್ತೆ ಊರಬಾಗಿಲು, ಮತ್ತೆ ಸಾಲು. ಸರದಿ ಬಂದಾಗ ಎಡಗೈಯವ ಎಂದಿನಂತೆ ಏನು ಹರಿದಿದೆ ಎಂದು ಕೇಳಿದ. ಭುಜ ಹರಿದಿದೆ ಎಂದು ತಮ್ಮ ಹೇಳಿದ. ಎಡಗೈಯವ ಅಂಗಿಯನ್ನು ಕೈಗೆ ತೆಗೆದುಕೊಂಡ. ಹೊಲಿಯುವವನು ಅಂಗಿಯನ್ನು ಕೈಗೆ ತೆಗೆದುಕೊಂಡರೆ ಅದರ ಬಗ್ಗೆ ಬರೆದದ್ದೆಲ್ಲ ಅವನಿಗೆ ಕಾಣುತ್ತದೆ, ಅಂಗಿ ತೊಟ್ಟವನ ಕೊರತೆಯೂ ಕಾಣುತ್ತದೆ.

ಎಡಗೈಯವ ಬಹಳ ಹೊತ್ತು ಏನೂ ಬರೆಯಲಿಲ್ಲ. ಸಾಲಿನಲ್ಲಿದ್ದವರು ಗೊಣಗಿದರು. ತಮ್ಮ ಕಾದ. ಎದುರು ಸಾಲಿನ ಮುಚ್ಚಿದ ಅಂಗಡಿಯನ್ನು ನೋಡುತ್ತ ಕಾದ. ಕೊನೆಗೆ ಒಂದು ಎಡಗೈ ಒಂದೊಂದೇ ಅಕ್ಷರ ಒತ್ತಿದ ಎರಡು ಮಾತು ಬಂದವು.

"ಕುಂದ್ರು, ತಮ್ಮಾ."

ತಮ್ಮ ಕೂತ. ಮನಸ್ಸಿನಲ್ಲಿ ಬರೆದಿಟ್ಟಿದ್ದ ವಾಕ್ಯ ಬೆರಳಿಗೆ ಬರಲಿಲ್ಲ. ಎಡಗೈಯವನೂ ಅದನ್ನು ಕೇಳಲಿಲ್ಲ. ಭುಜ ಹೊಲಿಯಲು ಕಾಲು ಗಂಟೆ ಸಾಕು. ಅಂದು ಒಂದು ಗಂಟೆ ಹಿಡಿಯಿತು. ಮರುದಿನ ಬೆಳಿಗ್ಗೆ ತಮ್ಮ ಅಣ್ಣನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಈ ಸಲ ಚಪ್ಪಲಿ ಮಧ್ಯಾಹ್ನದವರೆಗೂ ಅಲ್ಲೇ ಇದ್ದವು.

ಗುರುಗಳು ಕತೆ ಮುಗಿಸಿದರು.

ಮಹಾರುದ್ರ ಗಣಿತದವನು. ಕತೆ ಕೇಳಿದ ಮೇಲೂ ಅವನಿಗೊಂದು ಉತ್ತರ ಬೇಕಿತ್ತು. ನೋಟ್‌ಬುಕ್ಕು ಬಿಡಿಸಿ ಹೊಸ ಹಾಳೆ ತೆಗೆದ. ಪೆನ್ನಿನ ಮುಚ್ಚಳ ಬಿಚ್ಚಿದ. ಒಣಗಿದ ತುಟಿಯನ್ನು ನಾಲಗೆಯಿಂದ ಒಮ್ಮೆ ಸವರಿಕೊಂಡ.

"ಹಂಗಾರ ಕೊರತಿ ಅಂತ ನಾ ಏನ್ ಬರೀಲ್ರಿ, ಅಜ್ಜಾರ?"

ಗುರುಗಳು ತಟ್ಟೆ ಮುಚ್ಚಿದ ಚರಿಗೆಯನ್ನು ಅವನ ಕಡೆಗೆ ಸರಿಸಿದರು.

"ಮೊದಲ ಅಡಿವೆಪ್ಪ ತಂದ ಮಜ್ಜಿಗಿ ಕುಡಿ."