ಮೂರನೆಯ ಕಿಂಡಿ

ಸಂಜೆ ಐದರೊಳಗೆ ಮಕ್ಕಳ ಅಂಕಗಳನ್ನು ಕಳುಹಿಸಬೇಕಿದ್ದ ಶಾಂಭವಿ ಟೀಚರ್, ಹೊಸ ವೈಫೈ ಅಡಾಪ್ಟರನ್ನು ಮನೆಯ ಕಂಪ್ಯೂಟರಿನ ಮೊದಲ ಯುಎಸ್‌ಬಿ ಕಿಂಡಿಗೆ ಚುಚ್ಚಿದರು. ಅದರ ದೀಪ ಹತ್ತುವ ಮುಂಚೆಯೇ ಕಿತ್ತು ಎರಡನೆಯದಕ್ಕೆ ಚುಚ್ಚಿದರು, ಅಲ್ಲಿಂದಲೂ ಕಿತ್ತು ಮೂರನೆಯದಕ್ಕೆ.

"ನನ್ನ ಗುರುತು ಇನ್ನೂ ಸಿಗಲಿಲ್ಲವೇ?" ಎಂದು ಅಡಾಪ್ಟರ್ ಕೇಳಿತು.

"ಹೆಸರು ಹೇಳಿ ಮುಗಿಸುವ ಮುಂಚೆಯೇ ಹೊರಟುಹೋಗುತ್ತೀಯೆ. ಬೇರೆ ಬಾಗಿಲಿಂದ ಬಂದರೆ ನಾನು ಮತ್ತೆ ಮೊದಲಿನಿಂದ ವಿಚಾರಿಸಬೇಕು," ಎಂದಿತು ಕಂಪ್ಯೂಟರ್.

"ನಾನಾಗಿ ಹೋಗುತ್ತಿಲ್ಲ. ಎಳೆಯುತ್ತಿದ್ದಾರೆ."

ಟೀಚರ್ ಮತ್ತೆ ಕೈ ಚಾಚಿದರು. ಅಷ್ಟರಲ್ಲಿ ಹಾಲು ಉಕ್ಕಿ ಸೀದ ವಾಸನೆ ಬಂದು ಅಡುಗೆಮನೆಗೆ ಓಡಿದರು. ಅವರು ಒಲೆ ಒರೆಸುವಷ್ಟು ಹೊತ್ತಿನಲ್ಲಿ ಕಂಪ್ಯೂಟರ್ ಸಾವಕಾಶವಾಗಿ ವಿಚಾರಿಸಿತು, ಅಡಾಪ್ಟರ್ ಪೂರ್ತಿ ಉತ್ತರ ಕೊಟ್ಟಿತು, ಹಸಿರು ದೀಪ ಹತ್ತಿತು.

ಟೀಚರ್ ಬಂದು ಅಂಕಗಳನ್ನು ಕಳುಹಿಸಿದವರೇ ಗಂಡನನ್ನು ಕರೆದರು. "ಇಲ್ನೋಡ್ರೀ, ಮೊದಲಿನ ಎರಡು ಕಿಂಡಿ ಕೆಟ್ಟಿವೆ. ಇನ್ನು ಮೇಲೆ ಇದಕ್ಕೇ ಹಾಕಿ."

"ಹಾಲು ಉಕ್ಕಿದ್ದರಿಂದ ಕೆಲಸವಾಯಿತು ಎಂದು ಹೇಳೋಣವೇ?" ಎಂದಿತು ಅಡಾಪ್ಟರ್.

"ಬೇಡ," ಎಂದಿತು ಕಂಪ್ಯೂಟರ್. "ಅದನ್ನು ಕೇಳಿ ಮುಗಿಸುವಷ್ಟು ಹೊತ್ತು ಅವರು ಕೂರುವುದಿಲ್ಲ."